ಹುಳ ಸಾಕಿದವಳ ಬೆಕ್ಕು

ನನಗೆ ಬೆಕ್ಕು ಕಂಡರೆ ಆಗುವುದಿಲ್ಲ. ಮುಚ್ಚಿಟ್ಟ ಹಾಲಿಗೂ ಬಾಯಿ ಹಾಕುತ್ತದೆ, ಅನ್ನ ಹಾಕಿದವರ ಮುಖ ಕೂಡ ನೋಡದೆ ಬಾಲ ಎತ್ತಿಕೊಂಡು ಹೋಗುತ್ತದೆ. ಅಂಥ ಪ್ರಾಣಿಯ ಸಲುವಾಗಿ, ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು, ಕಾಲಿಗೆ ಚಪ್ಪಲಿಯೂ ಇಲ್ಲದೆ ಆಟೋ ಹತ್ತಿ ಓಡಿದೆನಲ್ಲ ಎಂದು ನಮ್ಮ ಬೀದಿಯವರು ಇವತ್ತಿಗೂ ನಗುತ್ತಾರೆ. ನಗಲಿ. ಅವರಿಗೆ ತಿಪ್ಪಕ್ಕ ಗೊತ್ತಿಲ್ಲ.

ತಿಪ್ಪಕ್ಕ ನಮ್ಮ ಬಾಡಿಗೆಯವಳು. ರಾಯದುರ್ಗದಲ್ಲಿ ನಮ್ಮ ಬೀದಿ ಎಂದರೆ ಜೀನ್ಸ್ ಪ್ಯಾಂಟಿನ ಬೀದಿ. ಬೆಳಗಾದರೆ ಮನೆಮನೆಯಲ್ಲಿ ಮಷೀನಿನ ಸದ್ದು, ಚರಂಡಿಯಲ್ಲಿ ನೀಲಿ ದಾರದ ತುಣುಕು. ನಮ್ಮ ಮನೆಯ ಮಗ್ಗುಲಿಗೆ ಒಂದು ಕೋಣೆ, ಅದರ ಹಿಂದೆ ಒಂದು ಅಡುಗೆಮನೆ ಇತ್ತು. ಅದಕ್ಕೆ ಅವಳು ಒಂದು ಮಷೀನು, ಒಂದು ಟ್ರಂಕು ತಗೊಂಡು ಬಂದಳು. ಊರು ಮಡಕಶಿರಾ ಕಡೆ, ರೊಳ್ಳದ ಹತ್ತಿರ ಒಂದು ಹಳ್ಳಿ. ಗಂಡ ರಾಮಾಂಜಿನೇಯ ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುತ್ತಿದ್ದ. ಅವಳೂ ಅಲ್ಲೇ ಕೆಲವು ವರ್ಷ ಹೊಲಿದು ಬಂದವಳು. ಇಬ್ಬರೂ ಒಂದೇ ಊರಲ್ಲಿ ಇರಬಾರದೇ ಎಂದು ನಾನು ಕೇಳಿದ್ದಕ್ಕೆ, "ಅವರಿಗೆ ಅಲ್ಲಿ ಒಗ್ತು, ನಂಗೆ ಒಗ್ಗಲಿಲ್ಲ ಕಣಕ್ಕ. ಅದು ಸರಿನೋ ತಪ್ಪೋ ನಂಗೂ ಗೊತ್ತಿಲ್ಲ" ಅಂದಳು.

ಅವಳ ಮಾತೆಲ್ಲ ಹೀಗೇ. ಅವಳಷ್ಟು ಅನುಮಾನದ ಹೆಂಗಸನ್ನು ನಾನು ಕಂಡಿಲ್ಲ. ಮಷೀನಿನ ಮುಂದೆ ಕೂತರೆ ಕೈ ಒಂದು ಸಲವೂ ತಪ್ಪುವುದಿಲ್ಲ, ಪ್ಯಾಂಟಿನ ಜೇಬು ಅಳತೆಯಿಲ್ಲದೆ ಅಳತೆಗೆ ಕೂರುತ್ತದೆ. ಎದ್ದಳೋ, ಮುಗಿಯಿತು. "ಅಕ್ಕಾ, ಸಾರಿಗೆ ಉಪ್ಪು ಹಾಕಿದ್ನಾ?" ಎಂದು ಗೋಡೆಯ ಆಚೆಯಿಂದ ನನ್ನನ್ನು ಕೇಳುವಳು. ಅವಳ ಸಾರಿನ ಉಪ್ಪು ನನಗೇನು ಗೊತ್ತು?

ಬಂದ ಹೊಸದರಲ್ಲಿ ಅವಳ ಬಾಗಿಲಿಗೆ ಒಂದು ಬೂದು ಬೆಕ್ಕು ತಾನಾಗಿ ಬಂದು ಸೇರಿಕೊಂಡಿತು. ಹಳ್ಳಿಯ ಕಡೆ ಬೆಕ್ಕನ್ನು ಯಾರೂ ಸಾಕುವುದಿಲ್ಲ, ಅದು ಬರುತ್ತದೆ, ಹೋಗುತ್ತದೆ. ಇವಳೂ ಹಾಗೇ ಬಿಟ್ಟಿದ್ದಳು. ನಮ್ಮ ಬೀದಿಯಲ್ಲಿ ಇಲಿ ಎಂದರೆ ಎಲ್ಲರಿಗೂ ನಡುಕ. ಹೊಲಿದಿಟ್ಟ ಪ್ಯಾಂಟನ್ನು ಒಂದು ಕಡೆ ಕಡಿದರೂ ಅಷ್ಟು ದುಡಿಮೆ ನೀರಿನಲ್ಲಿ ಹೋಮ. ಹಾಗಾಗಿ ಮನೆಮನೆಯವರೂ ಮೂಲೆಮೂಲೆಗೆ ಇಲಿ ಪಾಷಾಣ ಇಡುತ್ತಾರೆ. ಪಾಷಾಣ ತಿಂದ ಇಲಿಯನ್ನು ಆ ಬೆಕ್ಕು ಎಲ್ಲೋ ತಿಂದು ಬಂತು. ನೀರಿನ ತೊಟ್ಟಿಯ ಹಿಂದೆ ಬಿದ್ದು ಒದ್ದಾಡಿ, ತಿಪ್ಪಕ್ಕ ನೋಡನೋಡುತ್ತಿದ್ದಂತೆ ಸತ್ತುಹೋಯಿತು. ಅವಳು ಆ ದಿನ ಮಷೀನು ಮುಟ್ಟಲಿಲ್ಲ. ಬೆಕ್ಕಿಗೆ ಇಷ್ಟು ಅಳುವುದೇ ಎಂದು ನನಗೆ ಸಿಟ್ಟು ಬಂತು, ಆದರೂ ರಾತ್ರಿ ಅವಳಿಗೆ ಒಂದು ತಟ್ಟೆ ಅನ್ನ ಕೊಟ್ಟು ಬಂದೆ.

ಮುಂದೆ ಓಬಣ್ಣ ಒಂದು ಮರಿ ತಂದುಕೊಟ್ಟ. ಓಬಣ್ಣ ಎಂದರೆ ಹೊಲಿದ ಪ್ಯಾಂಟಿನ ಗಂಟುಗಳನ್ನು ಮನೆಮನೆಯಿಂದ ಎತ್ತಿಕೊಂಡು ಹೋಗಿ ವಾಷಿಂಗಿಗೆ ಹಾಕುವವನು. ಅವನ ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿತ್ತಂತೆ. ಮಂಜಿನ ಹಾಗೆ ಬಿಳಿ ಮೈ, ಕಿವಿಯ ಮೇಲೆ ರಾಗಿ ಬಣ್ಣದ ಎರಡು ಮಚ್ಚೆ. ಬಂದ ದಿನವೇ ಮಷೀನಿನ ದಾರ ಸುತ್ತುವ ಬಾಬಿನ್ ಕಚ್ಚಿಕೊಂಡು ಮಂಚದಡಿ ಓಡಿತು. ಅದರ ಹೆಸರು ಬಾಬಿನ್ ಎಂದೇ ಆಯಿತು.

"ಈ ಸಲ ಹೊಸ್ತಿಲು ದಾಟಿಸಲ್ಲ ಕಣಕ್ಕ," ಅಂದಳು ತಿಪ್ಪಕ್ಕ. "ಹೊರಗೆ ಬಿಟ್ಟು ಒಂದನ್ನ ಕೊಂದೆ. ಇದು ಒಳಗೇ ಇರ್ಬೇಕು, ಬದುಕ್ಬೇಕು."

"ಬೆಕ್ಕನ್ನ ಒಳಗ ಕೂಡಿ ಹಾಕ್ತಾರೇನವ್ವಾ ಯಾರಾರ?" ಅಂದೆ ನಾನು.

"ಹುಳ ಸಾಕಿಲ್ವಾ ನಾವು? ಹಂಗೇ."

ಆಗ ನನಗೆ ಅರ್ಥವಾಗಲಿಲ್ಲ. ಎರಡು ದಿನ ಬಿಟ್ಟು ಅವಳ ಕೋಣೆಯನ್ನು ನೋಡಿದಾಗ ಆಯಿತು. ಅವಳ ತವರಿನಲ್ಲಿ ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಹುಳ. ನಡೆಯಲು ಕಲಿತಾಗಿನಿಂದ ಅವಳು ಹುಳಮನೆಯಲ್ಲೇ ಬೆಳೆದವಳು. ನಾಲ್ಕು ಗೋಡೆಯ ಒಳಗೆ ಇಟ್ಟು ಸಾಕುವ ಜೀವ ಎಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಅದಕ್ಕೇ ಬೆಕ್ಕಿಗೂ ಅದೇ ವ್ಯವಸ್ಥೆ ಮಾಡಿದ್ದಳು. ಹುಳವನ್ನು ಕೊಲ್ಲುವ ಊಜಿ ನೊಣ ಬಾರದ ಹಾಗೆ ಹುಳಮನೆಗೆ ಬಲೆ ಹೊಡೆಯುತ್ತಾರಲ್ಲ, ಹಾಗೆ ಕಿಟಕಿಗೆ ಸಣ್ಣ ಬಲೆ. ಬಲೆಯ ಮೇಲೆ ಗಾಳಿ ಬಡಿಯದಂತೆ ಗೋಣಿಚೀಲ. ಕೋಣೆ ಕತ್ತಲೆ. ಹೊತ್ತು ಹೊತ್ತಿಗೆ ಸರಿಯಾಗಿ ಊಟ, ಊಟದ ಹೊತ್ತು ಬಿಟ್ಟರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಮಷೀನು ಮಾತ್ರ ಗಡಗಡ ಅನ್ನುತ್ತಿತ್ತು, ಅದಕ್ಕೇನೂ ಅಭ್ಯಂತರವಿಲ್ಲ.

ಬೆಕ್ಕು ಹಗಲೆಲ್ಲ ನಿದ್ದೆ ಮಾಡಿತು. ಬೆಕ್ಕು ಇನ್ನೇನು ಮಾಡುತ್ತದೆ? ತಿಪ್ಪಕ್ಕನಿಗೆ ಅದು ಬೇರೆಯೇ ಕಂಡಿತು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದಂತೆ. ಅದಕ್ಕೆ ಅವರ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಇವಳೂ ಬೆಕ್ಕು ಮಲಗಿದಾಗಲೆಲ್ಲ ತಟ್ಟೆ ಎತ್ತಿಟ್ಟುಬಿಡುತ್ತಿದ್ದಳು. "ಜ್ವರಕ್ಕೆ ಕುಂತೈತೆ ಅಕ್ಕಾ, ಮಾತಾಡ್ಬೇಡಿ" ಎಂದು ಪಿಸುಗುಟ್ಟುವಳು. ಬೆಕ್ಕು ಎದ್ದು ನೋಡಿದರೆ ಊಟವಿಲ್ಲ. ಅದರ ಮುಖದಲ್ಲಿ ಆಗ ಕಂಡಷ್ಟು ಗೊಂದಲವನ್ನು ನಾನು ತಿಪ್ಪಕ್ಕನ ಮುಖದಲ್ಲಿ ಮಾತ್ರ ಕಂಡಿದ್ದೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಸುಣ್ಣದ್ದು. ಬೆಕ್ಕಿನ ಹೇಲು ಉಚ್ಚೆಗೆ ಅಗಲವಾದ ಪ್ಲಾಸ್ಟಿಕ್ ಬಾಣಲಿಯಲ್ಲಿ ಮರಳು ಹಾಕಿಟ್ಟಿದ್ದಳು. ಅದು ಸರಿಯೇ. ರೋಗ ಬಾರದಿರಲಿ ಎಂದು ಹುಳದ ತಟ್ಟೆಗೆ ಉದುರಿಸುವ ಹಾಗೆ ಆ ಮರಳಿನ ಮೇಲೆ ಸುಣ್ಣದ ಪುಡಿ ಉದುರಿಸಿದಳು. ಬೆಕ್ಕು ಕೆರೆದದ್ದೇ ಕೆರೆದದ್ದು. ಅಂಗಾಲು ಕೆಂಪಾಗಿ, ನೆಲಕ್ಕೆ ಕಾಲೂರಲಾರದೆ ಕುಂಟಿತು. ತಿಪ್ಪಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದಳು, ದಾರಿ ತೋರಿಸಲು ನಾನು ಹಿಂದೆ ಓಡಿದೆ. ಅಲ್ಲಿ ಸಾಲು ನಿಂತವರದೆಲ್ಲ ಕುರಿ, ಮೇಕೆ, ಎಮ್ಮೆ. ಒಬ್ಬ ಅಜ್ಜ ನಮ್ಮನ್ನು ನೋಡಿ, ಇದು ಹಾಲು ಎಷ್ಟು ಕೊಡ್ತದಮ್ಮಾ ಅಂದ.

ಡಾಕ್ಟರು ತೆಲುಗಿನವರು, ತಾಳ್ಮೆಯವರು. ಎಲ್ಲವನ್ನೂ ಕೇಳಿಸಿಕೊಂಡು ಅಂಗಾಲು ತೊಳೆದು ಮುಲಾಮು ಹಚ್ಚಿ, "ಪಿಲ್ಲಿ ಪುರುಗು ಕಾದಮ್ಮಾ" ಅಂದರು. ಬೆಕ್ಕು ಹುಳ ಅಲ್ಲಮ್ಮ ಎಂದು. ಒಳಗೆ ಇಟ್ಟು ಸಾಕುವುದು ಒಳ್ಳೆಯದೇ, ಪಾಷಾಣವಿರುವ ಬೀದಿಯಲ್ಲಿ ಅದೇ ಸರಿ. ಆದರೆ ಅದು ಬೇಟೆಯಾಡುವ ಪ್ರಾಣಿ, ದಿನಾ ಆಟ ಆಡಿಸಬೇಕು. ಹತ್ತಿ ಕೂರಲು ಎತ್ತರದ ಜಾಗ ಬೇಕು, ಹೊರಗೆ ನೋಡಲು ಕಿಟಕಿ ಬೇಕು, ಉಗುರು ಕೆರೆಯಲು ಏನಾದರೂ ಒರಟಾದದ್ದು ಬೇಕು, ಹೆದರಿದರೆ ಅಡಗಿಕೊಳ್ಳಲು ಒಂದು ಮೂಲೆ ಬೇಕು. ಸೂಜಿ ದಾರ ಬಾಯಿಗೆ ಸಿಗಬಾರದು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ದೊಡ್ಡದಾದ ಮೇಲೆ ಮರಿ ಆಗದ ಹಾಗೆ ಆಪರೇಷನ್ನಿಗೆ ಕರೆತನ್ನಿ ಅಂತಲೂ ಹೇಳಿ, ಕಾದಿದ್ದ ಎಮ್ಮೆಯ ಕಡೆ ತಿರುಗಿದರು.

ಅಲ್ಲಿಂದ ಬಂದವಳು ಕೋಣೆಯನ್ನೇ ಬದಲಾಯಿಸಿದಳು. ಗೋಣಿಚೀಲ ಹೋಯಿತು, ಬಲೆ ಉಳಿಯಿತು. ಹಳೆಯ ಮಷೀನಿನ ಹಲಗೆಯನ್ನು ಕಿಟಕಿಯ ಹತ್ತಿರ ಗೋಡೆಗೆ ಹೊಡೆಸಿದಳು, ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ಗೋಡೆ ನನ್ನದು! ಮಂಚದ ಕಾಲಿಗೆ ಜೀನ್ಸ್ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿ ಕೆರೆಯಲು ಕೊಟ್ಟಳು. ಕೆಲಸ ಮುಗಿದ ಮೇಲೆ ನೆಲದ ಮೇಲಿನ ದಾರವನ್ನೆಲ್ಲ ಆರಿಸಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುವಳು. ಪ್ಯಾಂಟಿನ ತುಂಡುಗಳನ್ನು ಇಲಿಯ ಹಾಗೆ ಹೊಲಿದು ಕೋಲಿನ ತುದಿಗೆ ಕಟ್ಟಿ, ಸಂಜೆ ಸಂಜೆ ಅದನ್ನು ಕೋಣೆ ತುಂಬ ಓಡಿಸುವಳು. ಬೆಕ್ಕು ಹಾರುತ್ತಿತ್ತು, ಉರುಳುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೋಡಲು ಚಂದವೇ ಇತ್ತು.

ಮೈ ತುಂಬಿಕೊಂಡು ಬಾಬಿನ್ ದೊಡ್ಡ ಬೆಕ್ಕಾಯಿತು. ಇನ್ನಾದರೂ ತಿಪ್ಪಕ್ಕನಿಗೆ ನೆಮ್ಮದಿ ಎಂದುಕೊಂಡೆ. ಎಲ್ಲಿ ಬಂತು? ಬೆಕ್ಕು ಹಲಗೆಯ ಮೇಲೆ ಕೂತು ಬಲೆಗೆ ಮೂಗು ಒತ್ತಿ, ಹೊರಗಿನ ಗುಬ್ಬಿಗಳನ್ನು ನೋಡುತ್ತಾ ಸಣ್ಣಗೆ ಕ್ಕೆ ಕ್ಕೆ ಕ್ಕೆ ಅನ್ನುತ್ತಿತ್ತು. ಇವಳು ಹೊಲಿಯುವುದನ್ನು ಬಿಟ್ಟು ಅದನ್ನೇ ನೋಡುವಳು.

"ಅಕ್ಕಾ, ಇದು ಸಂತೋಷಕ್ಕೆ ಹಿಂಗಂತೈತಾ, ಇಲ್ಲಾ ಬಿಡು ನನ್ನ ಅಂತೈತಾ?"

"ನನಗೇನ್ ಗೊತ್ತವ್ವಾ? ಬೆಕ್ಕಿನ ಭಾಷಾ ನಾ ಕಲ್ತೀನೇನು?"

ಫೋನಿನಲ್ಲಿ ಗಂಡನನ್ನು ಕೇಳಿದಳು. ಅವನು ಬೆಕ್ಕಿನ ಜಾತಿಗೆ ಬೀದಿಯೇ ಮನೆ, ಬಿಟ್ಟುಬಿಡು ಅಂದ. ಓಬಣ್ಣನನ್ನು ಕೇಳಿದಳು. ಹೊಟ್ಟೆ ತುಂಬಿದ ಬೆಕ್ಕಿಗೆ ಚಿಂತೆಯೇ ಇರೋದಿಲ್ಲ ತಾಯಿ ಅಂದ ಅವನು. ನನ್ನ ಯಜಮಾನರು ತಿಪ್ಪೇರುದ್ರಪ್ಪನವರು ಪೇಪರಿನಿಂದ ಮುಖ ಎತ್ತದೆ, ಬೆಕ್ಕನ್ನೇ ಕೇಳು ಅಂದರು. ಆ ಮಾತನ್ನು ಅವಳು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಳು. ಬಾಗಿಲು ತೆರೆದು ಕೇಳಿದರೆ ಅದು ಹೋಗಿ ಪಾಷಾಣದ ಇಲಿ ತಿಂದು ಸಾಯುತ್ತದೆ. ಕೇಳದೆ ಇಟ್ಟುಕೊಂಡರೆ ಅದಕ್ಕೆ ಬೇಡವಾದ ಬದುಕೇನೋ ಎಂಬ ಕೊರಗು. ಅವಳು ಅಷ್ಟು ಕೊರಗುವುದನ್ನು ನೋಡಿ ನನಗೇ ತಲೆ ಕೆಟ್ಟುಹೋಗುತ್ತಿತ್ತು. ನೀನು ಮಷೀನು ಬಿಟ್ಟು ಎದ್ದು ಹೊರಗೆ ಹೋದದ್ದು ಯಾವಾಗ ಹೇಳು ಎಂದು ಒಂದು ಸಲ ಬೈದೂಬಿಟ್ಟೆ. ಅವಳು ಸೂಜಿಗೆ ದಾರ ಪೋಣಿಸಿ ಮತ್ತೆ ಹೊಲಿಯತೊಡಗಿದಳು.

ಒಂದು ಶುಕ್ರವಾರ ಬೆಕ್ಕು ಮಾಯವಾಯಿತು.

ಅದು ಎಲ್ಲಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ, ನಮಗಾದ ಗಾಬರಿ ಓದುವವರಿಗೆ ಬೇಡ. ಹೊಲಿದ ಪ್ಯಾಂಟುಗಳನ್ನು ತಿಪ್ಪಕ್ಕ ಹಳೆಯ ಸೀರೆಯೊಂದನ್ನು ಹಾಸಿ ಅದರ ಮೇಲೆ ಪೇರಿಸುತ್ತಿದ್ದಳು. ಅಡಗಿಕೊಳ್ಳಲು ಮೂಲೆ ಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಬೆಕ್ಕು ಆ ಪೇರಿಕೆಯ ನಡುವಿನ ಸಂದಿಯನ್ನೇ ಮೂಲೆ ಮಾಡಿಕೊಂಡಿತ್ತು. ಅದು ಒಳಗೆ ಹೊಕ್ಕು ಮಲಗಿದರೆ ಇವಳು ಆ ಕಡೆ ಕೈ ಹಾಕುತ್ತಿರಲಿಲ್ಲ. ಡಾಕ್ಟರು ಎಷ್ಟು ಹೇಳಿದರೂ, ಮಲಗಿದ ಜೀವವನ್ನು ಮುಟ್ಟಬಾರದು ಎಂಬ ಹುಳಮನೆಯ ಪಾಠ ಅವಳ ಕೈಯಿಂದ ಹೋಗಿರಲಿಲ್ಲ. ಆ ದಿನ ಓಬಣ್ಣ ಹೊತ್ತಿಗೆ ಮುಂಚೆ ಬಂದು ಹೊರಗೆ ಹಾರನ್ ಹೊಡೆದ. ಇವಳು ಗಡಿಬಿಡಿಯಲ್ಲಿ ಸೀರೆಯ ನಾಲ್ಕು ಮೂಲೆ ಎಳೆದು ಬಿಗಿಯಾಗಿ ಗಂಟು ಹಾಕಿದಳು. ಓಬಣ್ಣ ಅದನ್ನು ಮೊಪೆಡ್ಡಿನ ಹಿಂದೆ ಇಟ್ಟುಕೊಂಡು ಹೋದ. ಬಲೆ ಹರಿಯದ ಹಾಗೆ, ಬಾಗಿಲು ತೆರೆಯದ ಹಾಗೆ ಎಚ್ಚರ ವಹಿಸಿದವಳು ಬೆಕ್ಕನ್ನು ತನ್ನ ಕೈಯಾರೆ ಕಟ್ಟಿ ಹೊರಗೆ ಕಳಿಸಿದ್ದಳು.

ನಮಗೆ ಆಗ ಇದೊಂದೂ ಗೊತ್ತಿಲ್ಲ. ಊಟದ ಹೊತ್ತಿಗೆ ತಟ್ಟೆ ಬಡಿದರೆ ಬೆಕ್ಕು ಬರಲಿಲ್ಲ. ಮಂಚದಡಿ ನೋಡಿದಳು, ಟ್ರಂಕಿನ ಹಿಂದೆ ನೋಡಿದಳು, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೂ ನೋಡಿದಳು. ಬಲೆ ಇದ್ದ ಹಾಗೇ ಇತ್ತು, ಬಾಗಿಲಿಗೆ ಚಿಲಕವಿತ್ತು. ಗಟ್ಟಿ ಗೋಡೆಯ ಮನೆಯೊಳಗಿಂದ ಒಂದು ಪ್ರಾಣಿ ಹೋಗುವುದಾದರೂ ಹೇಗೆ? ನಾನೂ ಹುಡುಕಿದೆ. ಒಂದು ಸಲ ನೋಡಿದ ಕಡೆಯೇ ಮೂರು ಸಲ ನೋಡಿದೆವು. ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು.

ಆಮೇಲೆ ತಿಪ್ಪಕ್ಕ ನನ್ನ ಕಡೆ ತಿರುಗಿದಳು. "ಅಕ್ಕಾ, ಬೆಳಗ್ಗೆ ಮಜ್ಜಿಗೆ ಕೊಡಾಕೆ ನೀವು ಬಂದಿದ್ರಲ್ಲ. ಹೋಗ್ತಾ ಬಾಗಿಲು ಎಳ್ಕೊಂಡ್ರಾ?"

"ಎಳ್ಕೊಂಡೆ."

"ಸರಿಯಾಗಿ?"

"ಅಂದ್ರ ನಾನು ಬಿಟ್ಟು ಕಳಿಸೀನಿ ಅಂತೀಯೇನು?"

"ನಿಮಗೆ ಅದನ್ನ ಕಂಡ್ರೆ ಆಗಲ್ವಲ್ಲ" ಅಂದಳು, ನೆಲ ನೋಡುತ್ತಾ.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೋಣೆ ಖಾಲಿ ಮಾಡು ಎಂದೂ ಅಂದೆ. ಮನೆಗೆ ಬಂದು ಕೂತರೆ ಒಳಗೆ ಬೇರೆಯೇ ಒಂದು ಹುಳ ಕೊರೆಯತೊಡಗಿತು. ಬಾಗಿಲು ಎಳೆದುಕೊಂಡಿದ್ದೆನೇ? ಕೈಯಲ್ಲಿ ಮಜ್ಜಿಗೆ ಚೊಂಬಿತ್ತು. ಎಳೆದುಕೊಂಡ ನೆನಪು ಒಂದು ಗಳಿಗೆ ಇರುತ್ತದೆ, ಮರುಗಳಿಗೆ ಇರುವುದಿಲ್ಲ. ಅವಳ ಅನುಮಾನದ ರೋಗ ನನಗೂ ಅಂಟಿತ್ತು. ನನ್ನಿಂದಲೇ ಆ ಬೆಕ್ಕು ಬೀದಿಗೆ ಬಿದ್ದಿದ್ದರೆ, ಪಾಷಾಣದ ಇಲಿ ಬಾಯಿಗೆ ಸಿಕ್ಕಿದ್ದರೆ ಎಂದು ನೆನೆದು ಕೂತಲ್ಲಿ ಕೂರಲಾಗದೆ ಎದ್ದೆ.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ಕೂಗು. ಹೋಗಿ ನೋಡಿದರೆ ತಿಪ್ಪಕ್ಕ ಗಂಟು ಇದ್ದ ಖಾಲಿ ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಲ್ಲಿ ಬಿಳಿ ಕೂದಲು ಬಿದ್ದಿದ್ದವು.

"ಜ್ವರಕ್ಕೆ ಕುಂತಿತ್ತು ಅಕ್ಕಾ," ಅಂದಳು. "ಪ್ಯಾಂಟಿನ ಒಳಗೆ. ನಾನು ಮುಟ್ಟಲಿಲ್ಲ. ಹಂಗೇ ಕಟ್ಟಿಬಿಟ್ಟೆ."

ವಾಷಿಂಗ್ ಎಂದರೆ ಏನು ಎಂದು ನಮ್ಮಿಬ್ಬರಿಗೂ ಗೊತ್ತು. ಆಳೆತ್ತರದ ಕಬ್ಬಿಣದ ಡ್ರಮ್ಮು, ಅದರೊಳಗೆ ಕುದಿಯುವ ನೀರು, ಬಣ್ಣ ಮಾಸಿಸಲು ಕಲ್ಲು. ಗಂಟು ಬಿಚ್ಚಿ ತಬ್ಬುಗಟ್ಟಲೆ ಎತ್ತಿ ಸುರಿಯುತ್ತಾರೆ, ಒಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಓಬಣ್ಣನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಜಗಳ ಅಲ್ಲೇ ಬಿಟ್ಟು ಇಬ್ಬರೂ ಸಿಕ್ಕ ಆಟೋ ಹತ್ತಿದೆವು. ದಾರಿಯುದ್ದಕ್ಕೂ ತಿಪ್ಪಕ್ಕನ ಕೈ ನನ್ನ ಮೊಣಕೈಯನ್ನು ಹಿಡಿದೇ ಇತ್ತು.

ಊರ ಹೊರಗಿನ ಆ ಶೆಡ್ಡಿನಲ್ಲಿ ಡ್ರಮ್ಮು ಆಗಲೇ ತಿರುಗುತ್ತಿತ್ತು. ಬಾಗಿಲ ಹತ್ತಿರವೇ ಬಿಚ್ಚಿದ ಸೀರೆ ಬಿದ್ದಿತ್ತು. ಹಸಿರು ಅಂಚು, ತಿಪ್ಪಕ್ಕನದೇ. ಅದರಲ್ಲಿ ಒಂದು ಪ್ಯಾಂಟೂ ಇರಲಿಲ್ಲ. ಅವಳು ಸೀರೆಯನ್ನು ಎತ್ತಿ ಕೊಡವಿ ನೋಡಿದಳು. ನಾನು ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಕೂಗಿಲ್ಲ. "ನಿಲ್ಸ್ರಿ! ಮಷೀನ್ ನಿಲ್ಸ್ರಿ! ಒಳಗ ಜೀವ ಐತಿ!"

ಕೂಸು ಬಿದ್ದಿದೆ ಅಂದುಕೊಂಡನೋ ಏನೋ, ಕೆಲಸದವನು ಬಿಳಿಚಿಕೊಂಡು ಗುಂಡಿ ಒತ್ತಿದ. ನೀರು ಬಿಟ್ಟರು, ಬಾಗಿಲು ತೆರೆದರು. ಹಬೆಯಲ್ಲಿ ಕೈ ಹಾಕಿ ಒಂದೊಂದೇ ಪ್ಯಾಂಟು ಎಳೆದು ಹಾಕಿದರು. ಪ್ರತಿ ಪ್ಯಾಂಟಿಗೂ ತಿಪ್ಪಕ್ಕ ಕಣ್ಣು ಮುಚ್ಚುತ್ತಿದ್ದಳು, ನಾನು ತೆರೆದುಕೊಂಡಿರುತ್ತಿದ್ದೆ. ಕೊನೆಗೆ ಡ್ರಮ್ಮು ಖಾಲಿಯಾಯಿತು. ಪ್ಯಾಂಟು, ಕಲ್ಲು, ನೀಲಿ ನೊರೆ. ಬೆಕ್ಕು ಇರಲಿಲ್ಲ. ಸಮಾಧಾನವೋ ಇನ್ನೊಂದು ಗಾಬರಿಯೋ ತಿಳಿಯದೆ ನಾವು ಮುಖ ಮುಖ ನೋಡಿಕೊಂಡೆವು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹಾಗಾದರೆ ಎಲ್ಲಿ?

ಡ್ರಮ್ಮಿನ ಸದ್ದು ನಿಂತದ್ದಕ್ಕೆ ಕೇಳಿಸಿತು. ತಗಡಿನ ಸೂರಿನ ಕೆಳಗೆ, ಕಲ್ಲಿನ ಮೂಟೆಗಳ ತುತ್ತತುದಿಯಲ್ಲಿ, ಒಂದು ಸಣ್ಣ ಮ್ಯಾಂವ್. ಗಂಟು ಬಿಚ್ಚಿದಾಗ ಜಿಗಿದು ಅಲ್ಲಿ ಹತ್ತಿ ಕೂತಿತ್ತು ಅನ್ನಿಸುತ್ತದೆ. ಮೈ ಎಲ್ಲ ನೀಲಿ ಧೂಳು.

"ಬಾಬಿನ್," ಅಂದಳು ತಿಪ್ಪಕ್ಕ.

ಬೆಕ್ಕು ಒಂದೊಂದೇ ಮೂಟೆ ಇಳಿದು ಬಂತು. ಅವಳು ಕೈ ಚಾಚಿದಳು. ಅದು ಅವಳ ಬೆರಳನ್ನು ಮೂಸಿತು. ಮೂಸಿ, ಅವಳನ್ನು ದಾಟಿ, ಶೆಡ್ಡಿನ ತೆರೆದ ಬಾಗಿಲ ಕಡೆ ನಡೆಯಿತು. ನಾನು ಹಿಡಿಯಲು ಬಾಗಿದೆ. ತಿಪ್ಪಕ್ಕ ನನ್ನ ಸೆರಗು ಹಿಡಿದು ಎಳೆದಳು.

"ಬಿಡಿ ಅಕ್ಕಾ. ಅದ್ಕೇನು ಬೇಕು ಅಂತ ಒಂದು ಸಲ ಅದೇ ಹೇಳ್ಲಿ."

ಅವಳ ಮುಖ ನೋಡಿದೆ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಹಿಡಿತ ಮಾತ್ರ ಸಡಿಲಿಸಲಿಲ್ಲ. ಬೆಕ್ಕು ಹೊಸ್ತಿಲಲ್ಲಿ ಕೂತಿತು. ಹೊರಗೆ ಬಿಸಿಲು, ಜಾಲಿ ಗಿಡ, ದೂರದಲ್ಲಿ ಒಂದು ಟೆಂಪೊ, ಕಸದ ಗುಡ್ಡೆಯ ಮೇಲೆ ನಾಯಿಗಳು. ತಿಪ್ಪಕ್ಕನ ಮನೆಗೆ ಬಂದ ಮೇಲೆ ಬಲೆಯಾಗಲಿ ಸೆರಗಾಗಲಿ ಅಡ್ಡವಿಲ್ಲದೆ ಅದು ನೋಡಿದ ಮೊದಲ ಆಕಾಶ. ಕಿವಿ ಮುಂದಕ್ಕೆ ಮಾಡಿತು. ಎದ್ದು ನಿಂತಿತು. ಒಂದು ಮುಂಗಾಲನ್ನು ಎತ್ತಿ ಗಾಳಿಯಲ್ಲೇ ಹಿಡಿಯಿತು.

ನಾನು ಸೆರಗು ಕೊಸರಿಕೊಂಡು ಹೋಗಿ ಶಟರ್ ಎಳೆದುಬಿಟ್ಟೆ.

ಶೆಡ್ಡು ಕತ್ತಲಾಯಿತು. ತಿಪ್ಪಕ್ಕ ನನ್ನ ಮೇಲೆ ಎಗರಿ ಬಿದ್ದಳು. "ಯಾಕಕ್ಕಾ? ಯಾಕೆ ಹಾಕಿದ್ರಿ? ಇನ್ನೊಂದು ಚಣ ಬಿಟ್ಟಿದ್ರೆ ಗೊತ್ತಾಗ್ತಿತ್ತು! ಇನ್ನು ಯಾವತ್ತು ಗೊತ್ತಾಗ್ಬೇಕು ನಂಗೆ?"

"ಗೊತ್ತಾಗಿ ಏನ್ ಮಾಡಾಕಿದ್ದಿ? ಹೋಗ್ತೀನಿ ಅಂದಿದ್ರ ಕಳಸ್ತಿದ್ಯಾ?"

ಬೆಕ್ಕು ನಮ್ಮಿಬ್ಬರ ಕಾಲ ನಡುವೆ ನಿಂತು ಮುಚ್ಚಿದ ಶಟರನ್ನು ನೋಡುತ್ತಿತ್ತು.

"ಇಲ್ಲ," ಅಂದಳು.

ಬೆಕ್ಕನ್ನು ಎತ್ತಿಕೊಂಡಳು. ಅದು ಕೊಸರಾಡಿ ಅವಳ ಮುಂಗೈ ಗೀರಿತು, ರಕ್ತ ಬಂತು. ಆಮೇಲೆ ತಲೆಯನ್ನು ಅವಳ ಕಂಕುಳಿಗೆ ತುರುಕಿ ಸುಮ್ಮನಾಯಿತು.

ನಾನೇಕೆ ಶಟರ್ ಎಳೆದೆ ಎಂದು ಬಹಳ ಸಲ ಯೋಚಿಸಿದ್ದೇನೆ. ನಾಯಿಗಳಿಗೆ ಹೆದರಿದೆನೇ? ಬೆಕ್ಕು ಹೋಗಿಬಿಟ್ಟರೆ ಅವಳು ತಾಳಲಾರಳು ಎಂದೇ? ಅಥವಾ ಅದು ಹೋಗದೆ ತಿರುಗಿ ಬಂದಿದ್ದರೂ ಆ ಉತ್ತರ ನನಗೆ ಬೇಡವಾಗಿತ್ತೇ, ಯಾರೊಬ್ಬರ ಬದುಕೂ ಹಾಗೆ ಒಂದು ಮುಂಗಾಲಿನ ಮೇಲೆ ನಿಲ್ಲಬಾರದು ಎಂದೇ? ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ವಾಪಸು ಬರುವಾಗ ಆಟೋದಲ್ಲಿ ತಿಪ್ಪಕ್ಕ ಕೇಳಿದಳು. "ಅಕ್ಕಾ, ಇದು ಹೆದರ್ಕೊಂಡು ಹಿಂಗೆ ಮುದುರೈತಾ, ಇಲ್ಲಾ ನಾನು ಸಿಕ್ದೆ ಅಂತಾನಾ?"

ಆಟೋಕ್ಕೆ ಬಾಗಿಲಿಲ್ಲ. ನಾನು ತೆರೆದ ಕಡೆಗೆ ಸರಿದು ಕೂತು, ಸೆರಗನ್ನು ಕಂಬಿಯ ತನಕ ಬಿಗಿಯಾಗಿ ಎಳೆದು ಅಡ್ಡ ಹಿಡಿದೆ. ಮನೆ ಬರುವ ತನಕ ಕೈ ಇಳಿಸಲಿಲ್ಲ.